ನಾಲ್ಕು ವರ್ಷದಿಂದ ಬ್ಯಾಂಡ್ ‘ಸಿ’ಯಲ್ಲೇ ಇದ್ದೇವೆ: ಕೌನ್ಸಿಲ್ ಮನೆಯ ಆದ್ಯತೆಯನ್ನು ಹೇಗೆ ನಿರ್ಧರಿಸುತ್ತಾರೆ?

ಎರಡನೇ ಮಹಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನಲ್ಲಿ ಖಾಸಗಿ ಬಾಡಿಗೆಯ ಫ್ಲ್ಯಾಟೊಂದರಲ್ಲಿ ವಾಸವಾಗಿದ್ದೇವೆ. ನನಗೂ ನಮ್ಮ ಯಜಮಾನರಿಗೂ ಇಲ್ಲಿ ಖಾಯಂ ವಾಸದ ಅನುಮತಿ ದೊರೆತು ಐದು ವರ್ಷಗಳಾದವು. ಬಾಡಿಗೆ ಏರುತ್ತಲೇ ಇದ್ದುದರಿಂದ ನಾಲ್ಕು ವರ್ಷಗಳ ಹಿಂದೆ ಕೌನ್ಸಿಲಿನ (ಸ್ಥಳೀಯ ಆಡಳಿತದ) ಹೌಸಿಂಗ್ ರಿಜಿಸ್ಟರಿನಲ್ಲಿ, ಎಂದರೆ ಕೌನ್ಸಿಲ್ ಬಾಡಿಗೆಗೆ ಕೊಡುವ ಮನೆಗಾಗಿ ಕಾಯುವವರ ಪಟ್ಟಿಯಲ್ಲಿ, ಹೆಸರು ಬರೆಸಿದೆವು. ಒಂದು ಮಲಗುವ ಕೋಣೆಯ ಕೊರತೆಯಿದೆ ಎಂದು ಲೆಕ್ಕ ಹಾಕಿ ನಮ್ಮನ್ನು ಬ್ಯಾಂಡ್ ‘ಸಿ’ ಎಂಬ ಆದ್ಯತೆಯ ದರ್ಜೆಗೆ ಸೇರಿಸಿದರು. ಅಂದಿನಿಂದ ಪ್ರತಿ ವಾರವೂ ತಪ್ಪದೆ, ಖಾಲಿಯಾದ ಮನೆಗಳ ಜಾಹೀರಾತು ನೋಡಿ ಬಿಡ್ (ಬೇಡಿಕೆ) ಹಾಕುತ್ತಿದ್ದೇವೆ. ಪಟ್ಟಿಯಲ್ಲಿ ಒಮ್ಮೆ ಎಪ್ಪತ್ತನೆಯವರಾದರೆ ಮತ್ತೊಮ್ಮೆ ನೂರಾ ಹತ್ತನೆಯವರಾಗಿರುತ್ತೇವೆ.

ಮನೆಯಲ್ಲಿ ಈಗ ಆರು ಜನರಿದ್ದೇವೆ. ದೊಡ್ಡ ಮಗಳಿಗೆ ಹನ್ನೆರಡು ವರ್ಷ, ಮಗನಿಗೆ ಬರುವ ತಿಂಗಳು ಹತ್ತು ತುಂಬುತ್ತದೆ, ಚಿಕ್ಕವಳಿಗೆ ಐದು. ಮೂರು ವರ್ಷಗಳ ಹಿಂದೆ ಅತ್ತೆಯವರು ಊರಿನಿಂದ ಬಂದು ನಮ್ಮೊಡನೆಯೇ ನೆಲೆಸಿದ್ದಾರೆ. ಅವರ ವೀಸಾಕ್ಕಾಗಿ ನಾವು ಪೋಷಣೆಯ ಮುಚ್ಚಳಿಕೆ ಬರೆದುಕೊಟ್ಟಿದ್ದೇವೆ. ಮೊಣಕಾಲಿನ ಸವೆತದಿಂದಾಗಿ ಲಿಫ್ಟ್ ಇಲ್ಲದ ಈ ಕಟ್ಟಡದ ಎರಡನೇ ಮಹಡಿಯಿಂದ ಅವರು ಕೆಳಗಿಳಿಯುವುದು ಆಸ್ಪತ್ರೆಗೆ ಹೋಗಬೇಕಾದ ದಿನ ಮಾತ್ರ. ಇರುವುದು ಎರಡು ಮಲಗುವ ಕೋಣೆ, ಒಂದು ಹಜಾರ.

ಕಳೆದ ವರ್ಷವಷ್ಟೇ ಹೆಸರು ಬರೆಸಿದ ಪರಿಚಯದ ಕುಟುಂಬವೊಂದಕ್ಕೆ ಏಳು ತಿಂಗಳಲ್ಲಿ ಮನೆ ದೊರೆಯಿತು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಆದರೆ ಸರದಿ ಎಂಬುದಕ್ಕೆ ಅರ್ಥವೇನು ಎಂಬ ಪ್ರಶ್ನೆ ಬಿಡುತ್ತಿಲ್ಲ. ಆದ್ಯತೆಯನ್ನು ಯಾರು, ಯಾವ ಆಧಾರದ ಮೇಲೆ ನಿರ್ಧರಿಸುತ್ತಾರೆ ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ನಿವೃತ್ತ ಗುಮಾಸ್ತ

ತಮ್ಮ ಪತ್ರವನ್ನು ಎರಡು ಬಾರಿ ಓದಿದೆ. ವಸತಿ ಸಲಹೆಯ ಕೆಲಸದಲ್ಲಿ ಹಲವು ವರ್ಷ ಕಳೆದವನಾದ ನನಗೆ ಅದರಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು, ಬರೆಯದೆ ಬಿಟ್ಟಿರುವ ಒಂದು ವಿಷಯ: ಅತ್ತೆಯವರು ಬಂದು ಸೇರಿದ ಸಂಗತಿಯನ್ನು ಕೌನ್ಸಿಲಿಗೆ ತಿಳಿಸಿದ್ದೀರಾ? ಅದಕ್ಕೆ ಆಮೇಲೆ ಬರುತ್ತೇನೆ.

ಇಂಗ್ಲೆಂಡಿನಲ್ಲಿ ಮನೆ ಹಂಚಿಕೆಯ ಮೂಲ ಕಾನೂನು 1996ರ ಹೌಸಿಂಗ್ ಆಕ್ಟಿನ ಆರನೇ ಭಾಗ. ಪ್ರತಿಯೊಂದು ಕೌನ್ಸಿಲೂ ತನ್ನದೇ ಆದ ಹಂಚಿಕೆ ಯೋಜನೆಯನ್ನು ಬರೆದು ಪ್ರಕಟಿಸಬೇಕು ಮತ್ತು ಆ ಯೋಜನೆಗೆ ಹೊರತಾಗಿ ಒಂದು ಮನೆಯನ್ನೂ ಹಂಚಕೂಡದು ಎಂದು ಅದು ವಿಧಿಸುತ್ತದೆ. ಬ್ಯಾಂಡುಗಳ ಸಂಖ್ಯೆ, ಹೆಸರು, ಅಂಕ ಪದ್ಧತಿ ಇವೆಲ್ಲ ಊರಿಂದೂರಿಗೆ ಬದಲಾಗಬಹುದು. ಆದರೆ ‘ರೀಸನಬಲ್ ಪ್ರಿಫರೆನ್ಸ್’ ಎಂಬ ಆದ್ಯತೆಯನ್ನು ಕೆಲವು ವರ್ಗದವರಿಗೆ ಕೊಡಲೇಬೇಕು: ಮನೆಯಿಲ್ಲದವರು ಮತ್ತು ಮನೆಯಿಲ್ಲದ ಕಾರಣ ಕೌನ್ಸಿಲ್ ಯಾರ ಹೊಣೆ ಹೊತ್ತಿದೆಯೋ ಅವರು, ಅನೈರ್ಮಲ್ಯದ ಅಥವಾ ಕಿಕ್ಕಿರಿದ ಮನೆಯಲ್ಲಿರುವವರು, ಆರೋಗ್ಯ, ಅಂಗವೈಕಲ್ಯ ಅಥವಾ ಕ್ಷೇಮದ ಕಾರಣಕ್ಕೆ ಮನೆ ಬದಲಿಸಬೇಕಾದವರು, ಮತ್ತು ಒಂದು ನಿರ್ದಿಷ್ಟ ಪ್ರದೇಶಕ್ಕೆ ಹೋಗದಿದ್ದರೆ ತೀವ್ರ ತೊಂದರೆಗೆ ಒಳಗಾಗುವವರು. ಗಮನಿಸಿ, ಬಾಡಿಗೆ ದುಬಾರಿಯಾಗಿದೆ ಎಂಬುದು ಈ ವರ್ಗಗಳಲ್ಲಿ ಎಲ್ಲಿಯೂ ಇಲ್ಲ. ಬಹಳಷ್ಟು ಜನ ಅರ್ಜಿಯ ಪುಟಗಳನ್ನೆಲ್ಲ ಬಾಡಿಗೆಯ ಸಂಕಟದಿಂದ ತುಂಬಿಸುತ್ತಾರೆ. ಓದುವ ಅಧಿಕಾರಿಗೆ ಮರುಕ ಹುಟ್ಟಿದರೂ ಅದನ್ನು ಹಾಕಲು ಅವರ ಬಳಿ ಒಂದು ಕಾಲಂ ಇರುವುದಿಲ್ಲ.

ತಮ್ಮ ಪರಿಚಯದವರ ವಿಷಯ. ಸರದಿ ಒಂದೇ ಅಲ್ಲ, ಹಲವು. ಎರಡು ಕೋಣೆಯ ಮನೆಗೆ ಒಂದು ಸಾಲು, ಮೂರು ಕೋಣೆಯದಕ್ಕೆ ಇನ್ನೊಂದು, ನಾಲ್ಕು ಕೋಣೆಯದಕ್ಕೆ ಮತ್ತೊಂದು. ನಾಲ್ಕು ಕೋಣೆಯ ಮನೆಗಳು ಖಾಲಿಯಾಗುವುದೇ ಅಪರೂಪ. ಪ್ರತಿ ಸಾಲಿನಲ್ಲಿಯೂ ಮೊದಲು ಬ್ಯಾಂಡ್ ನೋಡುತ್ತಾರೆ, ಒಂದೇ ಬ್ಯಾಂಡಿನವರ ನಡುವೆ ಮಾತ್ರ ದಿನಾಂಕ ನೋಡುತ್ತಾರೆ. ಹಾಗಾಗಿ ಬ್ಯಾಂಡ್ ‘ಎ’ಗೆ ನಿನ್ನೆ ಸೇರಿದವರು ಬ್ಯಾಂಡ್ ‘ಸಿ’ಯಲ್ಲಿ ನಾಲ್ಕು ವರ್ಷ ಕಾದವರಿಗಿಂತ ಮುಂದಿರುತ್ತಾರೆ. ಅವರು ಯಾವ ಕಾರಣಕ್ಕೆ ‘ಎ’ಗೆ ಬಂದರು ಎಂಬುದು ನಮಗೆ ತಿಳಿಯದು, ಮನೆಯೊಳಗಿನ ಹಿಂಸೆಯಿಂದ ಓಡಿಬಂದವರು ತಮ್ಮ ಕಾರಣವನ್ನು ಪರಿಚಯದವರಿಗೆ ಹೇಳಿಕೊಂಡು ತಿರುಗುವುದಿಲ್ಲ. ಮಕ್ಕಳು ಬೇರೆಯಾದ ಮೇಲೆ ದೊಡ್ಡ ಕೌನ್ಸಿಲ್ ಮನೆಯನ್ನು ಬಿಟ್ಟುಕೊಟ್ಟು ಚಿಕ್ಕದಕ್ಕೆ ಹೋಗಲು ಒಪ್ಪುವವರಿಗೂ ಅನೇಕ ಕಡೆ ಮೇಲಿನ ಬ್ಯಾಂಡೇ ಸಿಗುತ್ತದೆ, ಏಕೆಂದರೆ ಅವರು ಹೊರಟರೆ ತಮ್ಮಂಥ ಕುಟುಂಬಕ್ಕೆ ಒಂದು ಮನೆ ತೆರವಾಗುತ್ತದೆ.

ಇನ್ನು ಕೋಣೆಗಳ ಲೆಕ್ಕ. ಹೆಚ್ಚಿನ ಕೌನ್ಸಿಲುಗಳು ಬಳಸುವ ‘ಬೆಡ್‌ರೂಮ್ ಸ್ಟ್ಯಾಂಡರ್ಡ್’ ಪ್ರಕಾರ ದಂಪತಿಗೆ ಒಂದು ಕೋಣೆ, 21 ಮತ್ತು ಅದಕ್ಕೆ ಮೇಲ್ಪಟ್ಟ ಪ್ರತಿ ವಯಸ್ಕರಿಗೆ ಒಂದು, 10ರಿಂದ 20 ವರ್ಷದ ಒಂದೇ ಲಿಂಗದ ಇಬ್ಬರಿಗೆ ಒಂದು (ಜೋಡಿಯಿಲ್ಲದಿದ್ದರೆ ಅದೇ ಲಿಂಗದ ಚಿಕ್ಕ ಮಗುವಿನೊಡನೆ), ಹತ್ತು ತುಂಬದ ಯಾವುದೇ ಇಬ್ಬರು ಮಕ್ಕಳಿಗೆ ಒಂದು. ತಮ್ಮ ಇಬ್ಬರು ಹೆಣ್ಣುಮಕ್ಕಳು ಒಂದು ಕೋಣೆಯಲ್ಲಿ, ಮಗ ಇನ್ನೊಂದರಲ್ಲಿ, ತಾವಿಬ್ಬರೂ ಒಂದರಲ್ಲಿ ಎಂದರೆ ಮೂರು ಕೋಣೆ ಬೇಕು, ಒಂದರ ಕೊರತೆ. ತಮಗೆ ‘ಸಿ’ ಕೊಟ್ಟದ್ದು ಈ ಲೆಕ್ಕದಲ್ಲಿಯೇ ಇರಬೇಕು. ಅತ್ತೆಯವರನ್ನು ಸೇರಿಸಿದರೆ ನಾಲ್ಕು ಬೇಕಾಗಿ ಕೊರತೆ ಎರಡಾಗುತ್ತದೆ. ಎರಡು ಕೋಣೆಯ ಕೊರತೆಯನ್ನು ಬಹುತೇಕ ಯೋಜನೆಗಳು ಬೇರೆ ಬ್ಯಾಂಡಿನಲ್ಲಿ ಇಡುತ್ತವೆ.

ಇಲ್ಲಿ ಒಂದು ತೊಡಕಿದೆ. ಪೋಷಣೆಯ ಮುಚ್ಚಳಿಕೆಯ ಮೇಲೆ ಬಂದವರು ಬಂದ ದಿನದಿಂದ ಅಥವಾ ಮುಚ್ಚಳಿಕೆಯ ದಿನದಿಂದ, ಯಾವುದು ತಡವೋ ಅಲ್ಲಿಂದ ಐದು ವರ್ಷ ತುಂಬುವವರೆಗೆ, ಬರೆದುಕೊಟ್ಟವರು ಬದುಕಿರುವ ತನಕ, ತಾವಾಗಿಯೇ ಕೌನ್ಸಿಲ್ ಮನೆಗೆ ಅರ್ಹರಾಗುವುದಿಲ್ಲ. ಅರ್ಹರಲ್ಲದವರೊಡನೆ ಜಂಟಿಯಾಗಿ ಮನೆ ಕೊಡುವುದನ್ನೂ ಕಾನೂನು ತಡೆಯುತ್ತದೆ. ಆದ್ದರಿಂದ ಅರ್ಜಿ ತಮ್ಮಿಬ್ಬರ ಹೆಸರಿನಲ್ಲಿಯೇ ಇರಲಿ, ಅವರ ಹೆಸರು ಕುಟುಂಬ ಸದಸ್ಯರ ಸಾಲಿನಲ್ಲಿ ಮಾತ್ರ ಬರಲಿ. ಹಾಗೆ ಬಂದವರನ್ನು ಕೋಣೆಯ ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ ಎಂಬುದನ್ನು ತಮ್ಮ ಕೌನ್ಸಿಲಿನ ಯೋಜನೆಯಲ್ಲಿ ಓದಬೇಕು. ಕೌನ್ಸಿಲ್ ಮನೆಯೂ ವಲಸೆ ನಿಯಮಗಳ ‘ಪಬ್ಲಿಕ್ ಫಂಡ್ಸ್’ ಪಟ್ಟಿಯಲ್ಲಿ, ಎಂದರೆ ಕೆಲವು ವಲಸಿಗರಿಗೆ ನಿರ್ಬಂಧವಿರುವ ಸರ್ಕಾರಿ ನೆರವಿನ ಪಟ್ಟಿಯಲ್ಲಿ, ಇದೆಯಾದ್ದರಿಂದ, ನಮೂನೆ ಕಳುಹಿಸುವ ಮೊದಲು ವಲಸೆ ಸಲಹೆಗಾರರೊಬ್ಬರನ್ನು ಕಂಡು ಬನ್ನಿ. ಈ ಒಂದು ಭೇಟಿಯನ್ನು ಉಳಿತಾಯ ಮಾಡಬೇಡಿ.

ಹಾಗೆಂದು ಮುಚ್ಚಿಡುವಂತೆಯೂ ಇಲ್ಲ. ತಿಳಿದೂ ಸುಳ್ಳು ಹೇಳುವುದು, ಕೇಳಿದ ಮಾಹಿತಿಯನ್ನು ತಡೆಹಿಡಿಯುವುದು ಎರಡೂ ಅದೇ ಕಾನೂನಿನಲ್ಲಿ ಅಪರಾಧ.

ನೆಲಮಹಡಿ

ಮೇಲಿನವರು ಕೋಣೆಯ ಲೆಕ್ಕವನ್ನು ವಿವರಿಸಿದ್ದಾರೆ. ನಾನು ಮೆಟ್ಟಿಲಿನ ವಿಷಯ ಹೇಳುತ್ತೇನೆ, ಏಕೆಂದರೆ ನಮಗೆ ಮನೆ ದೊರೆತದ್ದು ಆ ದಾರಿಯಿಂದ.

ನಮ್ಮ ಯಜಮಾನರಿಗೆ ಬೆನ್ನುಹುರಿಯ ಶಸ್ತ್ರಚಿಕಿತ್ಸೆಯಾಗಿತ್ತು. ಮೊದಲ ಸಲ ಜಿ.ಪಿ.ಯವರ (ಕುಟುಂಬ ವೈದ್ಯರ) ಪತ್ರವನ್ನು ಲಗತ್ತಿಸಿ ವೈದ್ಯಕೀಯ ಆದ್ಯತೆ ಕೇಳಿದಾಗ ಕೌನ್ಸಿಲ್ ತಿರಸ್ಕರಿಸಿತು. ಪತ್ರದಲ್ಲಿ ಕಾಯಿಲೆಯ ಹೆಸರು, ಔಷಧಿಗಳ ಪಟ್ಟಿ, ‘ಇವರಿಗೆ ಸೂಕ್ತ ಮನೆ ಒದಗಿಸಿದರೆ ಒಳ್ಳೆಯದು’ ಎಂಬ ಸಾಲು ಎಲ್ಲ ಇದ್ದವು. ನನಗಾದ ಸಿಟ್ಟು ಅಷ್ಟಿಷ್ಟಲ್ಲ. ಇದಕ್ಕಿಂತ ಹೆಚ್ಚಿನ ಕಾಯಿಲೆ ಬರಬೇಕೇ ಎಂದು ಫೋನಿನಲ್ಲಿಯೇ ಕೇಳಿದ್ದೆ. ಆಗ ಆ ಕಡೆಯ ಮಹಿಳೆ ಸಮಾಧಾನದಿಂದ ಹೇಳಿದ ಮಾತು ಇಂದಿಗೂ ನೆನಪಿದೆ: ಕಾಯಿಲೆ ಎಷ್ಟು ದೊಡ್ಡದು ಎಂದು ನಾವು ಅಳೆಯುವುದಿಲ್ಲ, ಈಗಿರುವ ಮನೆ ಆ ಕಾಯಿಲೆಗೆ ಏನು ಮಾಡುತ್ತಿದೆ ಎಂದು ನೋಡುತ್ತೇವೆ.

ಎರಡನೆಯ ಸಲ ಕೌನ್ಸಿಲಿನ ವಯಸ್ಕರ ಆರೈಕೆ ವಿಭಾಗಕ್ಕೆ ಬರೆದು ದಿನನಿತ್ಯದ ಓಡಾಟ, ಕೆಲಸಗಳಲ್ಲಿನ ತೊಂದರೆಯನ್ನು ಪರೀಕ್ಷಿಸುವ ಆಕ್ಯುಪೇಷನಲ್ ಥೆರಪಿಸ್ಟರನ್ನು ಮನೆಗೆ ಕರೆಸಿಕೊಂಡೆವು. ಅವರು ಮೆಟ್ಟಿಲುಗಳನ್ನು ಎಣಿಸಿದರು, ಹಿಡಿದುಕೊಳ್ಳುವ ಕಂಬಿ ಯಾವ ಬದಿಗಿದೆ ಎಂದು ನೋಡಿದರು, ಇವರನ್ನು ಇಳಿಸಿ ಹತ್ತಿಸಿ ನಡುವೆ ಎಷ್ಟು ಕಡೆ ನಿಲ್ಲಬೇಕಾಯಿತು ಎಂದು ಬರೆದುಕೊಂಡರು, ಸ್ನಾನದ ತೊಟ್ಟಿಗೆ ಕಾಲೆತ್ತಿ ಇಳಿಯಲು ಆಗುತ್ತದೆಯೇ ಎಂದು ಪರೀಕ್ಷಿಸಿದರು. ವರದಿಯ ಕೊನೆಯಲ್ಲಿ, ಈ ಕಟ್ಟಡದಲ್ಲಿ ಮಾಡಬಹುದಾದ ಯಾವುದೇ ಮಾರ್ಪಾಡು ಈ ತೊಂದರೆಯನ್ನು ನಿವಾರಿಸಲಾರದು ಎಂದು ಷರಾ ಹಾಕಿದರು. ಬ್ಯಾಂಡನ್ನು ಬದಲಿಸಿದ್ದು ಆ ಷರಾ ಎಂದೇ ನನ್ನ ನಂಬಿಕೆ. ಅತ್ತೆಯವರ ಬಗ್ಗೆ ಬರೆಯುವಾಗ ‘ಮೊಣಕಾಲು ಸವೆದಿದೆ’ ಎಂದು ನಿಲ್ಲಿಸದೆ, ಕಳೆದ ಮೂರು ತಿಂಗಳಲ್ಲಿ ಎಷ್ಟು ಬಾರಿ ಕೆಳಗಿಳಿದರು, ಯಾರು ಹಿಡಿದುಕೊಂಡರು, ಬಿದ್ದದ್ದುಂಟೇ, ಆಸ್ಪತ್ರೆಯ ಯಾವ ಭೇಟಿ ತಪ್ಪಿತು ಎಂದು ದಿನಾಂಕ ಸಹಿತ ಬರೆಯಿರಿ.

ಗೋಡೆಯ ತೇವ, ಬೂಸ್ಟು ಇದ್ದರೆ ಅದಕ್ಕೂ ಇದೇ ಮಾತು, ಆದರೆ ಅದರಲ್ಲಿ ಒಂದು ತಿರುವಿದೆ. ಕೌನ್ಸಿಲಿನ ಪರಿಸರ ಆರೋಗ್ಯ ಅಧಿಕಾರಿಗಳು 2004ರ ಹೌಸಿಂಗ್ ಆಕ್ಟಿನಡಿ ಬಂದು ಪರಿಶೀಲಿಸಿ, ಅಪಾಯ ಮೊದಲ ವರ್ಗದ್ದೆಂದು (ಅತಿ ಗಂಭೀರವೆಂದು) ಕಂಡರೆ ಕ್ರಮ ಕೈಗೊಳ್ಳಲೇಬೇಕು. ಆ ಕ್ರಮ ಹೆಚ್ಚಾಗಿ ಮಾಲೀಕರಿಂದ ದುರಸ್ತಿ ಮಾಡಿಸುವುದೇ ಆಗಿರುತ್ತದೆ. ಗೋಡೆ ಸರಿಯಾದರೆ ಆದ್ಯತೆಯ ಕಾರಣವೂ ಸರಿಯಾಯಿತೆಂದೇ ಲೆಕ್ಕ! ಸರಿಪಡಿಸಲಾಗದ ಕೊರತೆ ನಿಮ್ಮ ಅರ್ಜಿಯಲ್ಲಿ ಯಾವುದಿದೆಯೋ ಅದಕ್ಕೆ ಒತ್ತು ಕೊಡಿ. ಲಿಫ್ಟ್ ಇಲ್ಲದ ಕಟ್ಟಡಕ್ಕೆ ನಾಳೆ ಲಿಫ್ಟ್ ಬರುವುದಿಲ್ಲ.

ತಕರಾರು

ಇಬ್ಬರೂ ವ್ಯವಸ್ಥೆಯೊಳಗೆ ದಾರಿ ಹುಡುಕುವುದನ್ನು ಚೆನ್ನಾಗಿ ಹೇಳಿದ್ದಾರೆ. ನನ್ನ ಆಕ್ಷೇಪ ವ್ಯವಸ್ಥೆಯ ಬಗೆಗೇ ಇದೆ. ಇಂಗ್ಲೆಂಡಿನ ಕಾಯುವ ಪಟ್ಟಿಗಳಲ್ಲಿ ಸುಮಾರು 13 ಲಕ್ಷ ಕುಟುಂಬಗಳಿವೆ. 1980ರ ಕಾನೂನಿನ ನಂತರ ಬಾಡಿಗೆದಾರರಿಗೆ ಮಾರಿದ ಕೌನ್ಸಿಲ್ ಮನೆಗಳಿಗೆ ಸಮನಾಗಿ ಹೊಸವನ್ನು ಕಟ್ಟಲಿಲ್ಲ. ಮನೆಗಳೇ ಇಲ್ಲದಿರುವಾಗ, ಯಾರ ಸಂಕಟ ಹೆಚ್ಚು ಎಂದು ಜನರನ್ನು ಪೈಪೋಟಿಗೆ ಬಿಟ್ಟು, ಚೆನ್ನಾಗಿ ಬರೆಯಬಲ್ಲವರಿಗೆ ಮೇಲಿನ ಬ್ಯಾಂಡ್ ಕೊಡುವುದು ನ್ಯಾಯವೇ? ಅರ್ಜಿ ಹಾಕಿದ ದಿನಾಂಕಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಮೊದಲು ಬಂದವರಿಗೆ ಮೊದಲು ಎಂಬ ನಿಯಮವನ್ನು ಯಾರು ಬೇಕಾದರೂ ಅರ್ಥ ಮಾಡಿಕೊಳ್ಳಬಹುದು.

ನಿವೃತ್ತ ಗುಮಾಸ್ತ

ಮನೆಗಳ ಕೊರತೆಯ ಬಗ್ಗೆ ತಮ್ಮ ಮಾತನ್ನು ಒಪ್ಪುತ್ತೇನೆ. ಬರೆಯಬಲ್ಲವರಿಗೆ ಅನುಕೂಲವಿದೆ ಎಂಬುದೂ ನಿಜ. ಬರೆಯಲಾರದವರ ಪರವಾಗಿ ಬರೆದುಕೊಟ್ಟೇ ನಾನು ಸಂಬಳ ತೆಗೆದುಕೊಂಡದ್ದು. ಆದರೆ ದಿನಾಂಕವೊಂದನ್ನೇ ನೋಡಿದರೆ, ಮನೆ ಸುಟ್ಟುಹೋದ ಕುಟುಂಬ ಸಾಲಿನ ಕೊನೆಯಲ್ಲಿ ನಿಂತು ಹತ್ತು ವರ್ಷ ಕಾಯಬೇಕಾಗುತ್ತದೆ. ಮನೆಯಿಲ್ಲದವರಿಗೆ ಕೌನ್ಸಿಲ್ ಹೊಣೆ ಹೊರಬೇಕೆಂದು 1977ರಲ್ಲಿ ಪ್ರತ್ಯೇಕ ಕಾನೂನು ಬಂದದ್ದು ಇಂಥವರಿಗಾಗಿಯೇ.

ಲಿಖಿತ ನಿಯಮವಿಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು ತಿಳಿಯಲು ಉತ್ತರ ಐರ್ಲೆಂಡಿನ ಕ್ಯಾಲೆಡನ್ ಎಂಬ ಹಳ್ಳಿಯನ್ನು ನೋಡಬೇಕು. 1968ರಲ್ಲಿ ಅಲ್ಲಿ ಕ್ಯಾಥೊಲಿಕ್ ಕುಟುಂಬಗಳು ಮನೆಗಾಗಿ ಕಾಯುತ್ತಿದ್ದಾಗ, ಆಡಳಿತ ಪಕ್ಷದ ಸಂಪರ್ಕವಿದ್ದ ಅವಿವಾಹಿತ ಪ್ರಾಟೆಸ್ಟಂಟ್ ಯುವತಿಯೊಬ್ಬರಿಗೆ ಕೌನ್ಸಿಲ್ ಮನೆಯೊಂದನ್ನು ಕೊಟ್ಟರು. ಶಾಸಕ ಆಸ್ಟಿನ್ ಕರಿ ಅದೇ ಮನೆಯೊಳಗೆ ಹೊಕ್ಕು ಕುಳಿತು ಪ್ರತಿಭಟಿಸಿದರು. ಆ ವರ್ಷದ ನಾಗರಿಕ ಹಕ್ಕುಗಳ ಮೆರವಣಿಗೆಗಳಿಗೆ ಅದೂ ಒಂದು ಕಿಡಿಯಾಯಿತು. ಕೊನೆಗೆ 1971ರಲ್ಲಿ ಹಂಚಿಕೆಯ ಅಧಿಕಾರವನ್ನು ಸ್ಥಳೀಯ ಕೌನ್ಸಿಲುಗಳಿಂದ ತೆಗೆದು ಹೌಸಿಂಗ್ ಎಕ್ಸಿಕ್ಯುಟಿವ್ ಎಂಬ ಪ್ರತ್ಯೇಕ ಸಂಸ್ಥೆಗೆ ಒಪ್ಪಿಸುವ ಕಾನೂನು ಬಂತು.

ಕಾದ ಕಾಲಕ್ಕೆ ಬೆಲೆಯಿಲ್ಲವೆಂದೂ ಅಲ್ಲ. 2009ರ ನ್ಯೂಹ್ಯಾಮ್ ಕೌನ್ಸಿಲಿನ ಪ್ರಕರಣದಲ್ಲಿ ಆಗ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್, ಆದ್ಯತೆಯ ವರ್ಗದಲ್ಲಿರುವವರ ನಡುವೆ ಮುಖ್ಯವಾಗಿ ಕಾದ ಕಾಲವನ್ನು ನೋಡಿ ಹಂಚುವುದು ಕಾನೂನುಬಾಹಿರವಲ್ಲ ಎಂದಿತು. ಒಬ್ಬರ ಸಂಕಟವನ್ನು ಇನ್ನೊಬ್ಬರದರೊಡನೆ ತಕ್ಕಡಿಯಲ್ಲಿಟ್ಟು ತೂಗುವ ಕೆಲಸಕ್ಕೆ ನ್ಯಾಯಾಲಯಗಳು ಕೈಹಾಕಬಾರದು ಎಂಬ ಧೋರಣೆ ಆ ತೀರ್ಪಿನದು. ಆದರೆ ಕಾಲದ ನಿಯಮಕ್ಕೂ ಮಿತಿಯಿದೆ. ಹತ್ತು ವರ್ಷ ಅಲ್ಲಿಯೇ ವಾಸವಾಗಿದ್ದವರಿಗೆ ಮಾತ್ರ ಪಟ್ಟಿಯಲ್ಲಿ ಜಾಗ ಎಂಬ ಹಿಲಿಂಗ್ಡನ್ ಕೌನ್ಸಿಲಿನ ನಿಯಮ ನಿರಾಶ್ರಿತರಿಗೂ ಐರಿಷ್ ಅಲೆಮಾರಿ ಸಮುದಾಯಕ್ಕೂ ಪರೋಕ್ಷ ತಾರತಮ್ಯ ಉಂಟುಮಾಡುತ್ತದೆ ಎಂದು 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಇದು ನಮ್ಮಂಥ ವಲಸಿಗರೂ ತಿಳಿದಿರಬೇಕಾದ ತೀರ್ಪು.

ಎರಡನೇ ಮಹಡಿ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ತಪ್ಪು ನನ್ನದೇ. ಅತ್ತೆಯವರು ಬಂದಾಗ ಕೌನ್ಸಿಲ್ ತೆರಿಗೆಯ ವಿಭಾಗಕ್ಕೆ ತಿಳಿಸಿದ್ದೆ, ಹೌಸಿಂಗ್ ವಿಭಾಗಕ್ಕೂ ಅದು ತಾನಾಗಿ ತಲುಪುತ್ತದೆ ಎಂದುಕೊಂಡಿದ್ದೆ. ಈಗ ತಿಳಿಸಿದರೆ, ಬೇಕೆಂದೇ ಮನೆಯನ್ನು ಕಿಕ್ಕಿರಿಸಿಕೊಂಡಿರಿ ಎಂದು ಬ್ಯಾಂಡನ್ನು ಇನ್ನೂ ಕೆಳಗಿಳಿಸುತ್ತಾರೆಯೇ? ಯೋಜನೆಯಲ್ಲಿ ‘ಪರಿಸ್ಥಿತಿಯನ್ನು ಉದ್ದೇಶಪೂರ್ವಕವಾಗಿ ಹದಗೆಡಿಸಿಕೊಂಡವರು’ ಎಂಬ ಒಂದು ಪರಿಚ್ಛೇದವನ್ನು ಓದಿ ಗಾಬರಿಯಾಗಿದೆ.

ನಿವೃತ್ತ ಗುಮಾಸ್ತ

ಆ ಪರಿಚ್ಛೇದ ಬಹುತೇಕ ಎಲ್ಲ ಯೋಜನೆಗಳಲ್ಲಿಯೂ ಇದೆ, ಗಾಬರಿಗೆ ಕಾರಣವೂ ಇದೆ. ಅದಕ್ಕೆ ಉತ್ತರ ಕೊಡಬೇಕಾದರೆ ಮೊದಲು ಅಳತೆಯ ಟೇಪು ತೆಗೆದುಕೊಳ್ಳಿ.

ಬೆಡ್‌ರೂಮ್ ಸ್ಟ್ಯಾಂಡರ್ಡ್ ಅಲ್ಲದೆ ಕಾನೂನಿನಲ್ಲಿಯೇ ಕಿಕ್ಕಿರಿಕೆಯ ಇನ್ನೊಂದು ಅಳತೆಯಿದೆ. ಅದು ಬಹುಮಟ್ಟಿಗೆ 1935ರ ಕಾಲದ್ದು, ಈಗ 1985ರ ಹೌಸಿಂಗ್ ಆಕ್ಟಿನ ಹತ್ತನೇ ಭಾಗದಲ್ಲಿದೆ. ಹಜಾರವನ್ನೂ ಮಲಗುವ ಕೋಣೆಯೆಂದೇ ಎಣಿಸುವಷ್ಟು ಕಟುವಾದ ಅಳತೆ ಅದು. ಒಂದು ವರ್ಷ ತುಂಬದ ಕೂಸಿಗೆ ಲೆಕ್ಕವಿಲ್ಲ, ಒಂದರಿಂದ ಹತ್ತು ತುಂಬುವವರೆಗೆ ಮಗು ಅರ್ಧ ಜನ, ಅಲ್ಲಿಂದ ಮುಂದೆ ಪೂರ್ತಿ. ಮೂರು ಕೋಣೆಗೆ ಐದು ಜನ ಎಂಬುದು ಒಂದು ಮಿತಿ. ಇನ್ನೊಂದು ಮಿತಿ ವಿಸ್ತೀರ್ಣದ್ದು: 110 ಚದರ ಅಡಿ ಅಥವಾ ಮೇಲಿನ ಕೋಣೆಗೆ ಇಬ್ಬರು, 90ರಿಂದ 110ರೊಳಗೆ ಒಂದೂವರೆ, 70ರಿಂದ 90ರೊಳಗೆ ಒಬ್ಬರು, 50ರಿಂದ 70ರೊಳಗೆ ಅರ್ಧ, 50ಕ್ಕಿಂತ ಕಡಿಮೆಯಿದ್ದರೆ ಸೊನ್ನೆ. ಎರಡು ಮಿತಿಗಳಲ್ಲಿ ಯಾವುದು ಕಡಿಮೆಯೋ ಅದೇ ಅನ್ವಯ. ತಮ್ಮ ಮನೆಯಲ್ಲಿ ಈಗ ಮೂವರು ಹಿರಿಯರು, ಪೂರ್ತಿಯಾದ ಒಬ್ಬ ಮಗಳು, ಎರಡು ಅರ್ಧ, ಅಂದರೆ ಐದು; ಬರುವ ತಿಂಗಳು ಐದೂವರೆ. ಅಳೆದು ತಿಳಿಸಿ.

ಎರಡನೇ ಮಹಡಿ

ಅಳೆದೆವು. ಹಜಾರವೂ ನಮ್ಮ ಕೋಣೆಯೂ 110 ಚದರ ಅಡಿಗಿಂತ ಸ್ವಲ್ಪ ಹೆಚ್ಚಿವೆ. ಮಕ್ಕಳ ಕೋಣೆ 68 ಮಾತ್ರ. ಹಾಗಾದರೆ ಅದು ಅರ್ಧ ಜನರ ಕೋಣೆಯೇ? ಅದರಲ್ಲಿ ಮೂವರು ಮಲಗುತ್ತಿದ್ದಾರೆ.

ನಿವೃತ್ತ ಗುಮಾಸ್ತ

ಹೌದು, ಕಾನೂನಿನ ಕಣ್ಣಿಗೆ ಅರ್ಧ ಜನರದು. ಒಟ್ಟು ಮಿತಿ ನಾಲ್ಕೂವರೆ, ತಾವಿರುವುದು ಐದು. ಕಾನೂನಿನ ಪ್ರಕಾರ ಮನೆ ಈಗಾಗಲೇ ಕಿಕ್ಕಿರಿದಿದೆ.

ಈಗ ಮೂರು ವರ್ಷ ಹಿಂದಕ್ಕೆ ಹೋಗಿ ನೋಡಿ. ಅತ್ತೆಯವರು ಬಂದಾಗ ಮೂವರು ಮಕ್ಕಳೂ ಹತ್ತರ ಒಳಗಿದ್ದರು, ಆದ್ದರಿಂದ ಒಟ್ಟು ನಾಲ್ಕೂವರೆಯೇ ಇತ್ತು, ಮಿತಿ ದಾಟಿರಲಿಲ್ಲ. ದಾಟಿದ್ದು ದೊಡ್ಡ ಮಗಳಿಗೆ ಹತ್ತು ತುಂಬಿದ ದಿನ. ಮಕ್ಕಳ ವಯಸ್ಸು ಏರಿದ್ದರಿಂದ ಮಿತಿ ದಾಟಿದ ಮನೆಯವರು ಕೌನ್ಸಿಲಿಗೆ ಬೇರೆ ಮನೆ ಕೋರಿ ಅರ್ಜಿ ಹಾಕಿದ್ದರೆ, ಯೋಗ್ಯವಾದ ಬೇರೆ ಮನೆಯನ್ನು ಅವರು ನಿರಾಕರಿಸದಿರುವವರೆಗೆ, ಅದು ಅವರ ಅಪರಾಧವಾಗುವುದಿಲ್ಲ ಎಂದು ಅದೇ ಕಾನೂನು ಹೇಳುತ್ತದೆ. ತಮ್ಮ ಅರ್ಜಿ ನಾಲ್ಕು ವರ್ಷದಿಂದ ಅಲ್ಲಿಯೇ ಇದೆ. ಬೇಕೆಂದೇ ಕಿಕ್ಕಿರಿಸಿಕೊಂಡರು ಎಂಬ ಮಾತು ಬಂದರೆ ಮಕ್ಕಳ ಜನನ ದಿನಾಂಕಗಳನ್ನೂ ಅತ್ತೆಯವರು ಬಂದ ದಿನವನ್ನೂ ಮುಂದಿಡಿ. ಬಂಡಿಗಟ್ಟಲೆ ವಿವರಣೆ ಬೇಕಾಗುವುದಿಲ್ಲ.

ಸಲಹೆಗಾರರನ್ನು ಕಂಡ ಕೂಡಲೇ ಪರಿಸ್ಥಿತಿ ಬದಲಾವಣೆಯ ನಮೂನೆಯನ್ನು ಕೋಣೆಗಳ ಅಳತೆಯೊಡನೆ ಕಳುಹಿಸಿ. ಹೆಚ್ಚಿನ ಕಡೆ ಮೇಲಿನ ಬ್ಯಾಂಡಿಗೆ ಹೋದಾಗ ದಿನಾಂಕ ಹೊಸದಾಗಿ ಶುರುವಾಗುತ್ತದೆ, ಹಳೆಯ ನಾಲ್ಕು ವರ್ಷ ಜೊತೆಗೆ ಬರುವುದಿಲ್ಲ. ಆದ್ದರಿಂದ ಒಂದೊಂದು ವಾರದ ತಡಕ್ಕೂ ಬೆಲೆಯಿದೆ. ಯಾವ ಸಂಗತಿಗಳನ್ನು ಪರಿಗಣಿಸಿ ತೀರ್ಮಾನಿಸಿದಿರಿ ಎಂದು ಕೇಳುವ ಹಕ್ಕೂ, ಆ ತೀರ್ಮಾನದ ಮರುಪರಿಶೀಲನೆ ಕೋರುವ ಹಕ್ಕೂ ತಮಗಿವೆ. ಮರುಪರಿಶೀಲನೆಯ ಗಡುವು ಪತ್ರದಲ್ಲಿಯೇ ಇರುತ್ತದೆ, ಸಾಮಾನ್ಯವಾಗಿ 21 ದಿನ. ಅದರಲ್ಲಿಯೂ ತೃಪ್ತಿಯಾಗದಿದ್ದರೆ ಸಿಟಿಜನ್ಸ್ ಅಡ್ವೈಸ್ ಅಥವಾ ಶೆಲ್ಟರ್ ಸಂಸ್ಥೆಯವರನ್ನು ಕಾಣಿ. ಕೌನ್ಸಿಲಿನ ಕಾರ್ಯವಿಧಾನದಲ್ಲಿಯೇ ಲೋಪವಿದ್ದರೆ ದೂರುಗಳನ್ನು ವಿಚಾರಿಸುವ ಸ್ಥಳೀಯ ಸರ್ಕಾರದ ಆಂಬುಡ್ಸ್‌ಮನ್ ಇದ್ದಾರೆ.

ನೆಲಮಹಡಿ

ಒಂದು ಮಾತು ಸೇರಿಸುತ್ತೇನೆ. ನಾಲ್ಕು ಕೋಣೆಯ ಮನೆಗಳಿಗಾಗಿಯೇ ಕಾಯಬೇಡಿ. ಅಗತ್ಯಕ್ಕಿಂತ ಒಂದು ಕೋಣೆ ಕಡಿಮೆಯಿರುವ ಮನೆಗೂ ಬಿಡ್ ಹಾಕಲು ಕೆಲವು ಯೋಜನೆಗಳು ಅವಕಾಶ ಕೊಡುತ್ತವೆ. ಹಜಾರ ದೊಡ್ಡದಾಗಿರುವ, ನೆಲಮಹಡಿಯ ಮೂರು ಕೋಣೆಯ ಮನೆ ಸಿಕ್ಕರೆ ಅತ್ತೆಯವರು ತಾವಾಗಿಯೇ ಬಾಗಿಲು ತೆರೆದು ಹೊರಗೆ ಹೋಗಬಹುದು. ಬಿಡ್ ಹಾಕುವ ಮುನ್ನ ಜಾಹೀರಾತಿನ ಕೆಳಗೆ ಸಣ್ಣ ಅಕ್ಷರದಲ್ಲಿರುವುದನ್ನು ಓದಿ: ಬಾಗಿಲ ಬಳಿ ಮೆಟ್ಟಿಲಿದ್ದರೂ ‘ನೆಲಮಹಡಿ’ ಎಂದೇ ಬರೆದಿರುತ್ತಾರೆ. ನಾವು ಮೊದಲ ಮನೆಯನ್ನು ನಿರಾಕರಿಸಬೇಕಾಗಿ ಬಂದದ್ದು ಆ ನಾಲ್ಕು ಮೆಟ್ಟಿಲುಗಳಿಂದ, ಮತ್ತು ಆ ನಿರಾಕರಣೆಗೆ ಸಮರ್ಥನೆ ಬರೆದುಕೊಡಲು ಎರಡು ವಾರ ಓಡಾಡಿದೆವು.